‘ದಿ ಬೀಚ್’: ಒಂದು ಕಾದಂಬರಿ, ಎರಡು ಓದು

ಒಂದು ಕೃತಿಯನ್ನು ಓದಿದ ಹತ್ತು ಮಂದಿ ಹತ್ತು ಬಗೆಯಾಗಿ ಮಾತನಾಡಿದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ರುಚಿಭೇದ ಸಹಜವಾದುದು. ಆದರೆ ಒಂದೇ ಪುಟವನ್ನು ತೋರಿಸಿ ಒಬ್ಬರು ‘ಕೃತಿಯ ಶಕ್ತಿ ಇದು’ ಎಂದೂ, ಇನ್ನೊಬ್ಬರು ‘ಕೃತಿಯ ದೋಷ ಇದು’ ಎಂದೂ ವಾದಿಸಿದರೆ ಅದನ್ನು ಬರಿಯ ರುಚಿಭೇದವೆಂದು ತಳ್ಳಿಹಾಕಲು ಬಾರದು. ಅಲ್ಲಿ ಓದುವ ಕ್ರಮದ ಪ್ರಶ್ನೆಯೇ ಅಡಗಿರುತ್ತದೆ. ಇಂಗ್ಲಿಷ್ ಲೇಖಕ ಅಲೆಕ್ಸ್ ಗಾರ್ಲೆಂಡ್‌ನ ‘ದಿ ಬೀಚ್’ ಎಂಬ ಕಾದಂಬರಿ ಇಂತಹ ವಿವಾದಕ್ಕೆ ಒಳ್ಳೆಯ ನಿದರ್ಶನ. ಸಾಹಿತ್ಯವನ್ನು ವ್ಯಾಸಂಗ ಮಾಡುವ ಪ್ರೌಢ ವಿದ್ಯಾರ್ಥಿಗಳಿಗೆ ಈ ವಿವಾದವೇ ಒಂದು ಪಾಠವಾಗಬಲ್ಲದು.

ಕೃತಿಯ ಹಿನ್ನೆಲೆ

ಗಾರ್ಲೆಂಡ್ 1970ರಲ್ಲಿ ಲಂಡನ್ನಿನಲ್ಲಿ ಜನಿಸಿದವನು. ವ್ಯಂಗ್ಯಚಿತ್ರಕಾರ ನಿಕೊಲಸ್ ಗಾರ್ಲೆಂಡ್‌ನ ಮಗ. 1960ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿ ಪೀಟರ್ ಮೆಡಾವರ್‌ನ ಮೊಮ್ಮಗ. ‘ದಿ ಬೀಚ್’ ಅವನ ಮೊದಲ ಕಾದಂಬರಿ. 1996ರಲ್ಲಿ ಪ್ರಕಟವಾದ ಈ ಕೃತಿ ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಓದುಗರನ್ನು ಪಡೆಯಿತು.

ದ್ವೀಪದ ಕಥೆ ಇಂಗ್ಲಿಷ್ ಸಾಹಿತ್ಯಕ್ಕೆ ಹೊಸದಲ್ಲ. 1719ರಲ್ಲಿ ಬಂದ ಡೆಫೋನ ‘ರಾಬಿನ್ಸನ್ ಕ್ರೂಸೋ’ ಈ ಪರಂಪರೆಯ ಮೂಲಪುರುಷ. 1857ರ ಬ್ಯಾಲಂಟೈನನ ‘ದಿ ಕೋರಲ್ ಐಲೆಂಡ್’ನಲ್ಲಿ ಮೂವರು ಹುಡುಗರು ದ್ವೀಪವೊಂದರಲ್ಲಿ ಧೈರ್ಯದಿಂದಲೂ ಉಲ್ಲಾಸದಿಂದಲೂ ಬಾಳುತ್ತಾರೆ. ಆ ಉಲ್ಲಾಸವನ್ನು ನಂಬದ ವಿಲಿಯಂ ಗೋಲ್ಡಿಂಗ್ 1954ರಲ್ಲಿ ‘ಲಾರ್ಡ್ ಆಫ್ ದಿ ಫ್ಲೈಸ್’ ಬರೆದು, ಶಾಲಾ ಬಾಲಕರೇ ಹೇಗೆ ಕ್ರೂರಿಗಳಾಗಬಲ್ಲರೆಂಬುದನ್ನು ತೋರಿಸಿದನು. ಗಾರ್ಲೆಂಡನ ಕಾದಂಬರಿಯನ್ನು ವಿಮರ್ಶಕರು ಮೇಲಿಂದ ಮೇಲೆ ಗೋಲ್ಡಿಂಗನ ಕೃತಿಯೊಂದಿಗೆ ಹೋಲಿಸಿದ್ದಾರೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಗೋಲ್ಡಿಂಗನ ಬಾಲಕರನ್ನು ವಿಧಿ ದ್ವೀಪಕ್ಕೆ ಎಸೆಯಿತು. ಗಾರ್ಲೆಂಡನ ಯುವಕರು ಹುಡುಕಿಕೊಂಡು ಹೋದರು.

ಕಥಾಸಾರ

ಕಥೆಯ ನಿರೂಪಕ ರಿಚರ್ಡ್ ಎಂಬ ಇಂಗ್ಲಿಷ್ ತರುಣ. ಬೆನ್ನಿಗೊಂದು ಚೀಲ ಹೊತ್ತು, ಅಗ್ಗದ ಕೋಣೆಗಳಲ್ಲಿ ತಂಗುತ್ತ ದೇಶ ಸುತ್ತುವ ಪಾಶ್ಚಾತ್ಯ ಯುವಜನರಲ್ಲಿ ಅವನೂ ಒಬ್ಬ. ಅವನು ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕಿಗೆ ಬಂದು ಖಾವೊ ಸಾನ್ ರಸ್ತೆಯ ವಸತಿಗೃಹವೊಂದರಲ್ಲಿ ಇಳಿಯುತ್ತಾನೆ. ಖಾವೊ ಸಾನ್ ಎಂದರೆ ಥಾಯ್ ಭಾಷೆಯಲ್ಲಿ ಅಕ್ಕಿ ಎಂದರ್ಥ. ಹಿಂದೆ ಅಕ್ಕಿಯ ವ್ಯಾಪಾರ ನಡೆಯುತ್ತಿದ್ದ ಆ ಬೀದಿ ಇಪ್ಪತ್ತನೆಯ ಶತಮಾನದ ಕೊನೆಯ ವೇಳೆಗೆ ವಿದೇಶೀ ಪ್ರವಾಸಿಗಳ ತಂಗುದಾಣವಾಯಿತು.

ಪಕ್ಕದ ಕೋಣೆಯಲ್ಲಿದ್ದ, ಡ್ಯಾಫಿ ಎಂಬ ಹುಸಿಹೆಸರಿನ ಸ್ಕಾಟ್ಲೆಂಡಿನವನೊಬ್ಬ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಸಾಯುವ ಮುನ್ನ ಅವನು ರಿಚರ್ಡನಿಗಾಗಿ ಒಂದು ನಕಾಶೆಯನ್ನು ಬಿಟ್ಟಿರುತ್ತಾನೆ. ಯಾವ ಪ್ರವಾಸಿಯೂ ಕಾಣದ ಒಂದು ಗುಪ್ತ ಕಡಲತೀರದ ದಾರಿ ಅದರಲ್ಲಿದೆ. ಎತಿಯೆನ್, ಫ್ರಾನ್ಸ್ವಾಸ್ ಎಂಬ ಫ್ರೆಂಚ್ ಜೋಡಿಯೊಂದಿಗೆ ರಿಚರ್ಡ್ ಹೊರಡುತ್ತಾನೆ. ದಾರಿಯಲ್ಲಿ ಕೊ ಸಮುಯಿ ದ್ವೀಪದಲ್ಲಿ ಇಬ್ಬರು ಅಮೆರಿಕನ್ನರಿಗೆ ನಕಾಶೆಯ ಒಂದು ಪ್ರತಿಯನ್ನು ಕೊಟ್ಟುಹೋಗುತ್ತಾನೆ. ಕಥೆಯ ಅನಾಹುತದ ಬೀಜ ಬಿದ್ದದ್ದು ಇಲ್ಲಿಯೇ.

ಗಮ್ಯಸ್ಥಾನವು ಥಾಯ್ಲೆಂಡ್ ಕೊಲ್ಲಿಯ ಆಂಗ್ ಥಾಂಗ್ ರಾಷ್ಟ್ರೀಯ ಸಾಗರೋದ್ಯಾನದ ಒಂದು ದ್ವೀಪ. ಅಲ್ಲಿಗೆ ಹೋಗಲು ಯಾರಿಗೂ ಅನುಮತಿಯಿಲ್ಲ. ಮೂವರೂ ಈಜಿ ದಡ ಸೇರಿ, ಬಂದೂಕುಧಾರಿಗಳು ಕಾಯುವ ಗಾಂಜಾ ತೋಟವನ್ನು ನುಸುಳಿ, ಜಲಪಾತದಿಂದ ಧುಮುಕಿ, ಬಂಡೆಗಳ ನಡುವಣ ಉಪ್ಪುನೀರಿನ ಕೊಳದ ಬಳಿ ತಲುಪುತ್ತಾರೆ. ಅಲ್ಲಿ ನಾನಾ ದೇಶಗಳ ಸುಮಾರು 30 ಮಂದಿ ಸ್ಯಾಲ್ ಎಂಬ ಹೆಂಗಸಿನ ನಾಯಕತ್ವದಲ್ಲಿ ಬಾಳುತ್ತಿರುತ್ತಾರೆ. ಮೀನು ಹಿಡಿಯುವವರು, ತೋಟ ನೋಡುವವರು, ಬಡಗಿಗಳು, ಅಡಿಗೆಯವರು ಎಂದು ಕೆಲಸ ಹಂಚಿಕೆಯಾಗಿದೆ.

ಮೊದಲು ಎಲ್ಲವೂ ಸುಖಮಯ. ಅನಂತರ ಕೆಟ್ಟ ಸ್ಕ್ವಿಡ್ ತಿಂದು ಬಹುಜನ ಕಾಯಿಲೆ ಬೀಳುತ್ತಾರೆ. ಸ್ವೀಡನ್ನಿನ ಮೂವರ ಮೇಲೆ ಶಾರ್ಕ್ ಎರಗುತ್ತದೆ. ಒಬ್ಬ ಸಾಯುತ್ತಾನೆ, ಕ್ರಿಸ್ಟೋ ಎಂಬವನು ಪೆಟ್ಟುಬಿದ್ದು ಮೆಲ್ಲಮೆಲ್ಲನೆ ಸಾವಿನತ್ತ ಸಾಗುತ್ತಾನೆ, ಕಾರ್ಲ್ ಎಂಬವನ ಮನಸ್ಸು ಕೆಡುತ್ತದೆ. ನಕಾಶೆ ಪಡೆದ ಅಮೆರಿಕನ್ನರು ಜೊತೆಗಾರರೊಡನೆ ದ್ವೀಪಕ್ಕೆ ಬಂದು ಕಾವಲುಗಾರರ ಕೈಗೆ ಸಿಕ್ಕಿ ಹತರಾಗುತ್ತಾರೆ. ಶಿಬಿರದ ಹಬ್ಬದ ರಾತ್ರಿ ಆ ಶವಗಳನ್ನು ತಂದು ಎಸೆದಾಗ ಸಮುದಾಯದ ಸಂಯಮ ಪೂರ್ತಿ ಮುರಿಯುತ್ತದೆ. ರಿಚರ್ಡ್ ಮತ್ತು ಕೆಲವರು ಮಾತ್ರ ಪ್ರಾಣ ಉಳಿಸಿಕೊಂಡು ಪಾರಾಗುತ್ತಾರೆ.

ಮೆಚ್ಚಿದವರ ವಾದ

ಈ ಕೃತಿಯನ್ನು ಮೆಚ್ಚಿದವರು ಮೊದಲು ಹೇಳುವುದು ಅದರ ಓಟವನ್ನು. ಅಧ್ಯಾಯಗಳು ಚಿಕ್ಕವು, ಭಾಷೆ ಸರಳ, ಒಂದು ಅಧ್ಯಾಯದ ಕೊನೆ ಮುಂದಿನದಕ್ಕೆ ಕೈಹಿಡಿದು ಎಳೆಯುತ್ತದೆ. ಇದು ಕೇವಲ ಸಾಹಸಕಥೆಯ ಗುಣವೆಂದು ಅವರು ನಿಲ್ಲಿಸುವುದಿಲ್ಲ. ರಿಚರ್ಡನ ತಲೆಯಲ್ಲಿ ವಿಯೆಟ್ನಾಂ ಯುದ್ಧದ ಚಲನಚಿತ್ರಗಳೂ ವಿಡಿಯೋ ಆಟಗಳೂ ತುಂಬಿವೆ. 1975ರಲ್ಲಿ ಮುಗಿದ ಆ ಯುದ್ಧ ಅವನಿಗೆ ಒಂದು ಮೋಜಿನ ನೆನಪು. ಅದೂ ಎರವಲು ಪಡೆದ ನೆನಪು. ಕಾವಲುಗಾರರ ಬಂದೂಕು ನಿಜವೆಂದು ಗೊತ್ತಿದ್ದರೂ ಅವನು ಅವರ ಸುತ್ತ ಆಟವಾಡುತ್ತಾನೆ. ಪರದೆಯ ಮೇಲೆ ಹಿಂಸೆಯನ್ನು ಕಂಡು ಬೆಳೆದ ಒಂದು ತಲೆಮಾರಿಗೆ ನಿಜವಾದ ಹಿಂಸೆಯ ಗುರುತು ಸಿಗದೆ ಹೋದದ್ದನ್ನು ಈ ಕಾದಂಬರಿ ಹಿಡಿದಿದೆ ಎಂಬುದು ಅವರ ವಾದ.

ಆಕ್ಷೇಪಿಸುವವರ ವಾದ

ಎದುರು ಪಕ್ಷದವರ ಆಕ್ಷೇಪಗಳು ಮುಖ್ಯವಾಗಿ ಮೂರು. ಮೊದಲನೆಯದು, ಪಾತ್ರಗಳು ತೆಳುವಾಗಿವೆ ಎಂಬುದು. ಶಿಬಿರದ ಅನೇಕರು ಬರಿಯ ಹೆಸರುಗಳಾಗಿ ಉಳಿಯುತ್ತಾರೆ. ಫ್ರಾನ್ಸ್ವಾಸಳನ್ನಂತೂ ರಿಚರ್ಡನ ಆಸೆಗಣ್ಣಿನಿಂದಲ್ಲದೆ ಬೇರೆ ರೀತಿಯಲ್ಲಿ ಕಾಣಲು ಓದುಗನಿಗೆ ಅವಕಾಶವೇ ಇಲ್ಲ. ಎರಡನೆಯದು, ರಿಚರ್ಡ್ ಪ್ರೀತಿಸಲು ತಕ್ಕವನಲ್ಲ ಎಂಬುದು. ಅವನು ಸುಳ್ಳು ಹೇಳುತ್ತಾನೆ, ಪರರ ನೋವಿಗೆ ಮರುಗುವುದು ಕಡಿಮೆ. ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. ಕಥೆ ನಡೆಯುವುದು ಥಾಯ್ಲೆಂಡಿನಲ್ಲಿ. ಆದರೆ ಥಾಯ್ ಜನರಲ್ಲಿ ಒಬ್ಬರಿಗೂ ಪೂರ್ಣ ಪಾತ್ರದ ಸ್ಥಾನ ದೊರೆತಿಲ್ಲ. ಅವರು ವಸತಿಗೃಹದ ಕೆಲಸಗಾರರು, ಪೊಲೀಸರು, ದೋಣಿಯವರು ಅಥವಾ ಬಂದೂಕು ಹಿಡಿದ ಕಾವಲುಗಾರರು. ಒಂದು ದೇಶವೇ ಕಥೆಗೆ ಹಿಂಬದಿಯ ಪರದೆಯಾಗಿ ಹೋಗಿದೆ.

ಈ ಮೂರನೆಯ ಆಕ್ಷೇಪ ಕನ್ನಡದ ಓದುಗನಿಗೆ ವಿಶೇಷವಾಗಿ ತಟ್ಟತಕ್ಕದ್ದು. ಗೋಕರ್ಣದ ಓಂ ಕಡಲತೀರಕ್ಕೂ ಹಂಪೆಯ ತುಂಗಭದ್ರೆಯ ಆಚೆ ದಡಕ್ಕೂ ಇಂತಹ ಚೀಲಧಾರಿ ಪ್ರವಾಸಿಗಳು ಬಂದುಹೋದ ಇತಿಹಾಸವಿದೆ. ಅವರ ಕಥನಗಳಲ್ಲಿ ಊರಿನವರ ಸ್ಥಾನವೇನು? ಲಂಡನ್ನಿನ ಓದುಗ ಸಹಜವಾಗಿ ರಿಚರ್ಡನ ಪಕ್ಕದಲ್ಲಿ ನಿಂತು ಕಥೆಯನ್ನು ನೋಡುತ್ತಾನೆ. ಗೋಕರ್ಣದ ಓದುಗ ದೋಣಿಯವನ ಪಕ್ಕದಲ್ಲಿ ನಿಂತಿರುತ್ತಾನೆ. ನಿಂತ ನೆಲ ಬೇರೆಯಾದಾಗ ಕಾಣುವ ನೋಟವೂ ಬೇರೆಯಾಗುತ್ತದೆ.

ನಿರೂಪಕನೂ ಲೇಖಕನೂ

ಇಲ್ಲಿ ಒಂದು ಸಾಹಿತ್ಯತತ್ತ್ವವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಉತ್ತಮ ಪುರುಷದಲ್ಲಿ ಬರೆದ ಕಥೆಯಲ್ಲಿ ‘ನಾನು’ ಎನ್ನುವವನು ಲೇಖಕನಲ್ಲ. ಲೇಖಕ ಒಬ್ಬ ಕುರುಡನ ಬಾಯಿಂದ ಕಥೆ ಹೇಳಿಸಬಹುದು. ಅಷ್ಟರಿಂದ ಲೇಖಕನೇ ಕುರುಡನೆಂದು ಹೇಳಲಾಗದು. ರಿಚರ್ಡ್ ಥಾಯ್ ಜನರನ್ನು ಕಾಣುವುದಿಲ್ಲ, ನಿಜ. ಅದು ರಿಚರ್ಡನ ದೋಷವನ್ನು ತೋರಿಸಲು ಲೇಖಕ ಬೇಕೆಂದೇ ಮಾಡಿದುದು ಎಂಬುದು ಮೆಚ್ಚಿದವರ ಸಮಾಧಾನ. ಇದಕ್ಕೆ ಆಧಾರವೂ ಇದೆ. ಸಾಮಾನ್ಯ ಪ್ರವಾಸಿಗಳನ್ನು ಹಳಿಯುತ್ತ, ತಾವು ಅವರಿಗಿಂತ ಭಿನ್ನರೆಂದು ಹೆಮ್ಮೆಪಡುವ ಈ ತರುಣರನ್ನು ಕಾದಂಬರಿ ಎಲ್ಲಿಯೂ ಹೊಗಳುವುದಿಲ್ಲ. ಕಾಣದ ತೀರವನ್ನು ಕಂಡೆವೆಂದು ಬೀಗುವವರೇ ಅದರ ನಕಾಶೆಯನ್ನು ಬರೆದು ಹಂಚುತ್ತಾರೆ.

ಆದರೂ ಆಕ್ಷೇಪ ಇದರಿಂದ ಪೂರ್ತಿ ಪರಿಹಾರವಾಗುವುದಿಲ್ಲ. ಕುರುಡನ ಕಥೆಯನ್ನು ಹೇಳುವ ಸಮರ್ಥ ಲೇಖಕ, ಕುರುಡನು ಕಾಣದ ವಸ್ತುವನ್ನು ಓದುಗನಿಗೆ ಯಾವುದಾದರೂ ಸಂದಿಯಿಂದ ತೋರಿಸುತ್ತಾನೆ. ಆ ಸಂದಿ ‘ದಿ ಬೀಚ್’ನಲ್ಲಿ ಬಹಳ ಕಿರಿದು. ಪ್ರವಾಸಿಗಳ ಅಹಂಕಾರ ಓದುಗನಿಗೆ ಚೆನ್ನಾಗಿ ಕಾಣುತ್ತದೆ. ಆ ದ್ವೀಪ ಯಾರದು, ಅಲ್ಲಿ ತೋಟ ಮಾಡಿದವರ ಬದುಕೇನು ಎಂಬುದು ಕಾಣುವುದಿಲ್ಲ. ಆದ್ದರಿಂದ ಕಾದಂಬರಿ ತನ್ನ ಪಾತ್ರಗಳ ಕುರುಡುತನವನ್ನು ಬಯಲಿಗಿಟ್ಟಿತು, ಆದರೆ ತಾನೇ ಅದನ್ನು ಪೂರ್ತಿ ದಾಟಲಿಲ್ಲ ಎಂದು ಹೇಳುವುದು ನ್ಯಾಯವಾದ ತೀರ್ಪಾದೀತು.

ದುಡಿಮೆ ಮತ್ತು ದಾಸೋಹ

ಕೃತಿಯ ನಿಜವಾದ ಬೆಲೆ ಇನ್ನೊಂದು ಕಡೆ ಇದೆ. ಅದನ್ನು ಎರಡು ಪಕ್ಷದವರೂ ಸಾಕಷ್ಟು ಗಮನಿಸಿದಂತಿಲ್ಲ. ಈ ಶಿಬಿರದವರು ಸೋಮಾರಿಗಳಲ್ಲ. ಎಲ್ಲರೂ ದುಡಿಯುತ್ತಾರೆ, ಎಲ್ಲರೂ ಹಂಚಿ ಉಣ್ಣುತ್ತಾರೆ. ದುಡಿಮೆಯಲ್ಲಿ ಮೇಲುಕೀಳಿನ ಭಾವನೆಯೂ ಬಹಳವಾಗಿಲ್ಲ. ಮೇಲ್ನೋಟಕ್ಕೆ ಇದೊಂದು ಆದರ್ಶ ಸಮಾಜ. ಹಾಗಾದರೆ ಅದು ಕುಸಿದದ್ದೇಕೆ?

ಉತ್ತರ ಕ್ರಿಸ್ಟೋ ಮಲಗಿದ್ದ ಗುಡಾರದಲ್ಲಿದೆ. ಅವನನ್ನು ಆಸ್ಪತ್ರೆಗೆ ಸಾಗಿಸಿದರೆ ತೀರದ ಗುಟ್ಟು ರಟ್ಟಾಗುತ್ತದೆ. ಆದುದರಿಂದ ಅವನು ಅಲ್ಲಿಯೇ ಸಾಯಬೇಕು. ಜೆಡ್ ಎಂಬವನೊಬ್ಬ ಅವನ ಬಳಿ ಕುಳಿತು ಶುಶ್ರೂಷೆ ಮಾಡುತ್ತಾನೆ; ಮನಸ್ಸು ಕೆಟ್ಟ ಕಾರ್ಲನಿಗೆ ಎತಿಯೆನ್ ಆಸರೆಯಾಗುತ್ತಾನೆ. ಉಳಿದವರಿಗೆ ಆ ನರಳಾಟ ಒಂದು ಅಡಚಣೆ ಮಾತ್ರ. ಶಿಬಿರದ ಶಾಂತಿಯನ್ನು ಉಳಿಸುವ ಹೆಸರಿನಲ್ಲಿ ಅವರು ಆ ಕಡೆ ನೋಡುವುದನ್ನೇ ಬಿಡುತ್ತಾರೆ. ಹಬ್ಬದ ರಾತ್ರಿಯ ಘೋರಕೃತ್ಯ ಒಮ್ಮೆಲೇ ಸಂಭವಿಸಿದುದಲ್ಲ. ನೋಡದೆ ಇರುವ ಈ ಅಭ್ಯಾಸವೇ ಅದಕ್ಕೆ ದಾರಿ ಮಾಡಿತು.

ಶರಣರು ಕಾಯಕದ ಜೊತೆಯಲ್ಲಿ ದಾಸೋಹವನ್ನು ಇರಿಸಿದ್ದರ ಅರ್ಥ ಇಲ್ಲಿ ವಿಶದವಾಗುತ್ತದೆ. ದುಡಿಮೆಯೊಂದೇ ಸಮಾಜವನ್ನು ಕಟ್ಟುವುದಿಲ್ಲ. ದುಡಿಯಲಾರದವನು ಬಾಗಿಲಲ್ಲಿ ನಿಂತಾಗ, ಹೊರಗಿನವನು ಹಸಿದು ಬಂದಾಗ, ಆ ದುಡಿಮೆಯ ಫಲ ಅವನಿಗೂ ಸಲ್ಲುತ್ತದೆಯೆ ಎಂಬುದೇ ಒರೆಗಲ್ಲು. ಕಡಲತೀರದವರ ದುಡಿಮೆ ತಮ್ಮ ಸುಖವನ್ನು ತಮ್ಮಲ್ಲೇ ಕಾಯ್ದುಕೊಳ್ಳುವ ದುಡಿಮೆ. ಅತಿಥಿಯೆಂದರೆ ಅಲ್ಲಿ ಭಯ, ರೋಗಿಯೆಂದರೆ ಭಾರ. ಗಾರ್ಲೆಂಡನಿಗೆ ಶರಣರ ವಿಚಾರ ಗೊತ್ತಿತ್ತೆಂದು ಹೇಳುವ ಉದ್ದೇಶ ಇಲ್ಲಿಲ್ಲ. ಆದರೆ ಒಂದು ಕೃತಿಯನ್ನು ತಮ್ಮ ಪರಂಪರೆಯ ಬೆಳಕಿನಲ್ಲಿ ಪರೀಕ್ಷಿಸುವ ಹಕ್ಕು ಪ್ರತಿಯೊಂದು ನಾಡಿನ ಓದುಗರಿಗೂ ಇದೆ.

ಪುಸ್ತಕದ ಹೊರಗಿನ ಕಡಲತೀರ

ಕಾದಂಬರಿಯ ಮುಂದಿನ ಕಥೆ ಪುಸ್ತಕದ ಹೊರಗೆ ನಡೆಯಿತು. ಡ್ಯಾನಿ ಬಾಯ್ಲ್ ನಿರ್ದೇಶಿಸಿದ ಇದರ ಚಲನಚಿತ್ರ 2000ದಲ್ಲಿ ತೆರೆಕಂಡಿತು. ಅದರಲ್ಲಿ ರಿಚರ್ಡ್ ಅಮೆರಿಕನ್ನನಾದ. ಪಾತ್ರವಹಿಸಿದವನು ಲಿಯೊನಾರ್ಡೊ ಡಿಕಾಪ್ರಿಯೊ. ಚಿತ್ರೀಕರಣ ನಡೆದದ್ದು ಕಾದಂಬರಿಯ ಆಂಗ್ ಥಾಂಗ್‌ನಲ್ಲಲ್ಲ. ಪಶ್ಚಿಮದ ಅಂಡಮಾನ್ ಕಡಲಿನಲ್ಲಿರುವ ಫಿ ಫಿ ಲೇ ದ್ವೀಪದ ಮಾಯಾ ಕೊಲ್ಲಿಯಲ್ಲಿ. ಚಿತ್ರಕ್ಕಾಗಿ ಅಲ್ಲಿನ ಮರಳುದಿಬ್ಬಗಳನ್ನು ಬದಲಿಸಿ ತೆಂಗಿನ ಗಿಡಗಳನ್ನು ನೆಟ್ಟಾಗ ಥಾಯ್ ಪರಿಸರವಾದಿಗಳು ಪ್ರತಿಭಟಿಸಿದರು; ವಿಷಯ ನ್ಯಾಯಾಲಯಕ್ಕೂ ಹೋಯಿತು.

ಚಿತ್ರವನ್ನು ಕಂಡವರು ಆ ತೀರವನ್ನು ಹುಡುಕಿಕೊಂಡು ಬಂದರು. ದಿನವೊಂದಕ್ಕೆ ಸಾವಿರಾರು ಮಂದಿ ಬರತೊಡಗಿದರು. ದೋಣಿಗಳ ಲಂಗರಿನಿಂದಲೂ ಜನಸಂದಣಿಯಿಂದಲೂ ಹವಳದ ದಿಬ್ಬಗಳು ನಾಶವಾದವು. ಕೊನೆಗೆ 2018ರ ಜೂನ್ ತಿಂಗಳಲ್ಲಿ ಥಾಯ್ ಅಧಿಕಾರಿಗಳು ಮಾಯಾ ಕೊಲ್ಲಿಯನ್ನು ಮುಚ್ಚಿದರು. ಹವಳವನ್ನು ಮತ್ತೆ ನೆಡಲಾಯಿತು. ಕಪ್ಪುತುದಿ ರೆಕ್ಕೆಯ ಸಣ್ಣ ಶಾರ್ಕ್‌ಗಳು ಕೊಲ್ಲಿಗೆ ಮರಳಿದವು. 2022ರ ಜನವರಿಯಲ್ಲಿ ಪ್ರವಾಸಿಗಳ ಸಂಖ್ಯೆಗೆ ಮಿತಿ ವಿಧಿಸಿ, ದೋಣಿಗಳು ಕೊಲ್ಲಿಯೊಳಕ್ಕೆ ಬರಕೂಡದೆಂಬ ನಿಯಮದೊಂದಿಗೆ ಅದನ್ನು ತೆರೆಯಲಾಯಿತು.

ನಕಾಶೆ ಹಂಚಿದರೆ ತೀರ ಹಾಳಾಗುತ್ತದೆಂದು ಹೇಳಿದ ಪುಸ್ತಕವೇ ನಕಾಶೆಯಾಯಿತು. ಇದು ಲೇಖಕನ ಅಪರಾಧವಲ್ಲ. ಆದರೆ ಕಥೆಯ ಮೊದಲರ್ಧದ ಸೊಬಗನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ಉತ್ತರಾರ್ಧದ ಎಚ್ಚರಿಕೆಯನ್ನು ಮರೆತ ಓದು ಎಂತಹ ಫಲ ಕೊಡುತ್ತದೆಂಬುದಕ್ಕೆ ಮಾಯಾ ಕೊಲ್ಲಿ ಸಾಕ್ಷಿಯಾಗಿದೆ.

ಉಪಸಂಹಾರ

ಹೀಗೆ ನೋಡಿದರೆ ‘ದಿ ಬೀಚ್’ ದೋಷರಹಿತವಾದ ಮಹಾಕೃತಿಯೂ ಅಲ್ಲ, ಕಾಲ ಕಳೆಯಲು ಓದಿ ಎಸೆಯುವ ಪುಸ್ತಕವೂ ಅಲ್ಲ. ಅದನ್ನು ಸಾಹಸಕಥೆಯೆಂದು ಓದಿದವರಿಗೆ ತೀರ ಸಿಗುತ್ತದೆ. ಎಚ್ಚರದಿಂದ ಓದಿದವರಿಗೆ ಗುಡಾರವೂ ಕಾಣುತ್ತದೆ. ಭಿನ್ನಾಭಿಪ್ರಾಯಗಳನ್ನು ಆಲಿಸುವುದರ ಪ್ರಯೋಜನ ಇಷ್ಟೇ: ಒಬ್ಬ ಓದುಗನು ಬಿಟ್ಟುದನ್ನು ಇನ್ನೊಬ್ಬನು ಎತ್ತಿ ತೋರಿಸುತ್ತಾನೆ. ಕಥೆ ಯಾರನ್ನು ಹೊರಗಿಟ್ಟಿದೆಯೆಂದು ಕೇಳುವ ಓದುಗನು, ಬದುಕಿನಲ್ಲಿಯೂ ಆ ಪ್ರಶ್ನೆಯನ್ನು ಮರೆಯಲಾರನು.

ಅಭ್ಯಾಸಕ್ಕಾಗಿ

1. ನಿರೂಪಕನ ಅಭಿಪ್ರಾಯವನ್ನು ಲೇಖಕನ ಅಭಿಪ್ರಾಯವೆಂದು ಭಾವಿಸಿದರೆ ಆಗುವ ತಪ್ಪೇನು? ತಾವು ಓದಿದ ಒಂದು ಕನ್ನಡ ಕಾದಂಬರಿಯ ಆಧಾರದಿಂದ ವಿವರಿಸಿ.

2. ಶಿಬಿರದ ಅವನತಿಗೆ ಹೊರಗಿನ ಕಾರಣಗಳು ಯಾವುವು? ಒಳಗಿನ ಕಾರಣಗಳು ಯಾವುವು?

3. ತಮ್ಮ ಊರಿಗೆ ಬಂದುಹೋಗುವ ಪ್ರವಾಸಿಯೊಬ್ಬನ ಕಥೆಯನ್ನು ಊರಿನವನೊಬ್ಬನು ಹೇಳಿದರೆ ಅದು ಹೇಗಿರಬಹುದು? ಒಂದು ಪುಟದಲ್ಲಿ ಬರೆಯಿರಿ.