ಮಂಡೆಬಿಸಿಗೆ ಒಂದು ಗೂಗಲ್ ಫಾರ್ಮ್

ಕಳೆದ ಸೆಮಿಸ್ಟರಿನ ಎರಡನೇ ಇಂಟರ್ನಲ್ಸ್ ಮುಗಿದ ವಾರ ನಮ್ಮ ಕ್ಲಾಸಿನಲ್ಲಿ ನಾವು ನಾಲ್ಕೈದು ಜನ ಸೇರಿ ಒಂದು ಗೂಗಲ್ ಫಾರ್ಮ್ ಮಾಡಿದೆವು. ವೆಲ್‌ನೆಸ್ ವೀಕ್‌ಗೆ ಎಂತಾದರೂ ಮಾಡಬೇಕಿತ್ತು. ಪೋಸ್ಟರ್ ಮಾಡುವುದಕ್ಕಿಂತ ಸರ್ವೇ ಸುಲಭ ಅಂತ ಅನ್ನಿಸಿತು. ನೆಟ್‌ನಲ್ಲಿ ಹುಡುಕಿದಾಗ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಸಿಕ್ಕಿತು. ಒಂಬತ್ತು ಪ್ರಶ್ನೆ, ಫ್ರೀ, ಯಾರ ಪರ್ಮಿಷನ್ನೂ ಬೇಡ. ಕಾಪಿ, ಪೇಸ್ಟ್. ಹೆಸರು ಕೇಳಲಿಲ್ಲ. ಆದರೆ ಪೈ ಚಾರ್ಟ್ ಚೆನ್ನಾಗಿ ಬರಲಿ ಅಂತ ಸೆಕ್ಷನ್, ಹಾಸ್ಟೆಲ್ಲಾ ಪಿಜಿಯಾ ಮನೆಯಾ, ಯಾವ ಕಡೆಯಿಂದ ಬರ್ತೀರಿ ಅಂತ ಮೂರು ಪ್ರಶ್ನೆ ಸೇರಿಸಿದೆವು. ಮೇಲೆ ದಪ್ಪ ಅಕ್ಷರದಲ್ಲಿ ‘ನೀವು ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ’ ಅಂತ ಬರೆದೆವು. ರಾತ್ರಿ ಕ್ಲಾಸ್ ಗ್ರೂಪಿಗೆ ಹಾಕಿದೆವು.

ಹನ್ನೊಂದೂವರೆಗೆ ಶೀಟ್ ತೆರೆದು ನೋಡಿದರೆ 41 ಸಾಲು. ಖುಷಿಯಾಯಿತು. ಆಮೇಲೆ ಕಣ್ಣು ಕೊನೆಯ ಕಾಲಮ್ಮಿಗೆ ಹೋಯಿತು. ಒಂಬತ್ತನೇ ಪ್ರಶ್ನೆ ಬದುಕೇ ಬೇಡ ಅನ್ನಿಸುವುದರ ಬಗ್ಗೆ ಇರುವಂಥದ್ದು. ಎರಡು ಸಾಲುಗಳಲ್ಲಿ ಅದಕ್ಕೆ ಸೊನ್ನೆ ಇರಲಿಲ್ಲ.

ನಮ್ಮಲ್ಲಿ ಯಾರಿಗೂ ಮಾತು ಬರಲಿಲ್ಲ. ಯಾರು ಅಂತ ಗೊತ್ತಿಲ್ಲ, ಗೊತ್ತಿದ್ದರೂ ಎಂತ ಮಾಡಬೇಕು ಅಂತ ಗೊತ್ತಿಲ್ಲ, ಗಂಟೆ ಹನ್ನೊಂದೂವರೆ. ಆ ರಾತ್ರಿಯಿಂದ ಮುಂದಿನ ಮೂರ್ನಾಲ್ಕು ವಾರ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮುಂದಿನ ವರ್ಷ ಬೇರೆ ಯಾವುದಾದರೂ ಬ್ರಾಂಚಿನವರು ಇಂಥದ್ದೇ ಫಾರ್ಮ್ ಮಾಡಲು ಹೊರಟರೆ ಮೊದಲು ಇದನ್ನು ಓದಲಿ ಅಂತ. (ನಾವೆಲ್ಲ ಇಂಗ್ಲಿಷ್ ಮೀಡಿಯಂನವರು. ಕನ್ನಡದಲ್ಲಿ ತಪ್ಪಿದ್ದರೆ ಕ್ಲಬ್ಬಿನ ಸೀನಿಯರ್‌ಗಳು ತಿದ್ದಲಿ.)

ಮೊದಲು ಆ ಪ್ರಶ್ನಾವಳಿ. ಪಿಎಚ್‌ಕ್ಯೂ-9 ಅನ್ನು ಅಮೆರಿಕದ ಕ್ರೋಂಕೆ, ಸ್ಪಿಟ್ಜರ್, ವಿಲಿಯಮ್ಸ್ ಎಂಬ ಮೂವರು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಅದನ್ನು ರೂಪಿಸುವುದಕ್ಕೆ ಹಣ ಕೊಟ್ಟದ್ದು ಫೈಜರ್ ಔಷಧ ಕಂಪನಿ. ಅದೂ ನೆನಪಿರಲಿ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬೇಸರ, ನಿದ್ರೆ, ಸುಸ್ತು, ಹಸಿವು, ತನ್ನ ಮೇಲೇ ತನಗೆ ಕೀಳು ಭಾವನೆ, ಗಮನ ನಿಲ್ಲದಿರುವುದು, ಮಾತು ಮತ್ತು ಚಲನೆ ನಿಧಾನವಾಗುವುದು ಅಥವಾ ಚಡಪಡಿಕೆ, ಕೊನೆಗೆ ಆ ಒಂಬತ್ತನೆಯದು. ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 27. 5, 10, 15, 20 ಎಂಬಲ್ಲಿ ಗೆರೆಗಳು. 10 ಅಥವಾ ಹೆಚ್ಚು ಬಂದರೆ ಡಾಕ್ಟರು ಗಂಭೀರವಾಗಿ ನೋಡಬೇಕು ಅಂತ ಲೆಕ್ಕ.

ನಮ್ಮ ಶೀಟಿನಲ್ಲಿ 10 ದಾಟಿದವರು ಸುಮಾರು ಜನ ಇದ್ದರು. ಅಂದರೆ ಕ್ಲಾಸಿನ ಅಷ್ಟೂ ಜನಕ್ಕೆ ಡಿಪ್ರೆಶನ್ನಾ? ಇಲ್ಲಿ ನಮ್ಮ ಪ್ರಾಬಬಿಲಿಟಿ ಸಿಲಬಸ್ ಮೊದಲ ಸಲ ಉಪಯೋಗಕ್ಕೆ ಬಂತು. 2001ರ ಆ ಅಧ್ಯಯನದ ಪ್ರಕಾರ, 10ರ ಗೆರೆ ಇಟ್ಟರೆ ನಿಜಕ್ಕೂ ತೀವ್ರ ಖಿನ್ನತೆ ಇರುವ 100 ಜನರಲ್ಲಿ 88 ಜನರನ್ನು ಇದು ಹಿಡಿಯುತ್ತದೆ, ಇಲ್ಲದ 100 ಜನರಲ್ಲಿ 88 ಜನರನ್ನು ಸರಿಯಾಗಿ ಬಿಡುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಈಗ ಲೆಕ್ಕಕ್ಕೆ ಮಾತ್ರ, 100 ಜನರಲ್ಲಿ 10 ಜನರಿಗೆ ಖಿನ್ನತೆ ಉಂಟು ಅಂತ ಇಟ್ಟುಕೊಳ್ಳಿ. ಆ 10ರಲ್ಲಿ ಹೆಚ್ಚುಕಡಿಮೆ 9 ಜನ ಗೆರೆ ದಾಟುತ್ತಾರೆ. ಉಳಿದ 90ರಲ್ಲಿ 12 ಪರ್ಸೆಂಟ್ ಅಂದರೆ ಸುಮಾರು 11 ಜನ ಸುಮ್ಮನೆ ದಾಟುತ್ತಾರೆ. ಒಟ್ಟು 20 ಜನ, ಅದರಲ್ಲಿ ನಿಜವಾದವರು 9. ಅರ್ಧಕ್ಕಿಂತ ಕಡಿಮೆ. ಬೇಯ್ಸ್ ಥಿಯರಂ ಪರೀಕ್ಷೆಯಲ್ಲಿ ಬಂದಾಗ ಬಾಲ್ ತುಂಬಿದ ಚೀಲ ಬಿಟ್ಟು ಈ ಉದಾಹರಣೆ ಕೊಡಬಹುದಿತ್ತು ಮಾರಾಯ್ರೆ.

ಅದರ ಮೇಲೆ ನಾವು ಫಾರ್ಮ್ ಹಾಕಿದ್ದು ಇಂಟರ್ನಲ್ಸ್ ಮುಗಿದ ವಾರ. ನಿದ್ರೆಗೆ 3, ಸುಸ್ತಿಗೆ 3, ಗಮನ ನಿಲ್ಲದ್ದಕ್ಕೆ 2, ಮೆಸ್ಸಿನ ಸಾಂಬಾರು ನೋಡಿ ಹಸಿವು ಸತ್ತದ್ದಕ್ಕೆ 2. ಆಯ್ತಲ್ಲ 10! ಮನೆಯಲ್ಲಿ ವೈರಿಂಗ್ ನೋಡಲು ಬರುವವರ ಜೇಬಿನಲ್ಲಿ ಟೆಸ್ಟರ್ ಇರುತ್ತದಲ್ಲ, ಇದೂ ಹಾಗೆಯೇ. ಲೈಟ್ ಬಂದರೆ ಅಲ್ಲಿ ಕರೆಂಟ್ ಉಂಟು ಅಂತ ಗೊತ್ತಾಗುತ್ತದೆ. ಎಷ್ಟು ವೋಲ್ಟೇಜ್, ಫಾಲ್ಟ್ ಎಲ್ಲಿ ಅಂತ ಅದು ಹೇಳುವುದಿಲ್ಲ. ಗೆಳೆಯರೊಳಗೆ ‘ನಿನಗೆಷ್ಟು ಬಂತು, ನನಗೆ 14’ ಅಂತ ಸ್ಕೋರ್ ಹೋಲಿಸುವುದಂತೂ ಶುದ್ಧ ಮೂರ್ಖತನ. ನಾವೂ ಅದನ್ನು ಮಾಡಿದ್ದೇವೆ, ಹಾಗಾಗಿ ಹೇಳುತ್ತಿದ್ದೇವೆ.

ಆದರೆ ಒಂಬತ್ತನೇ ಪ್ರಶ್ನೆಗೆ ಈ ಲೆಕ್ಕ ನಡೆಯುವುದಿಲ್ಲ. ಒಟ್ಟು ಸ್ಕೋರ್ ಎಷ್ಟೇ ಇರಲಿ, ಅಲ್ಲಿ 1 ಬಂದರೂ ಯಾರಾದರೂ ಆ ವ್ಯಕ್ತಿಯ ಹತ್ತಿರ ಕೂತು ಮಾತಾಡಲೇಬೇಕು. ನಮ್ಮ ಫಾರ್ಮಿನಲ್ಲಿ ಆ ‘ಯಾರಾದರೂ’ ಇರಲೇ ಇಲ್ಲ.

ಆ ರಾತ್ರಿ ನಮ್ಮಲ್ಲೊಬ್ಬರಿಗೆ ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿದ್ದ 14416 ನೆನಪಾಯಿತು. ಟೆಲಿ ಮಾನಸ್. ಫೋನ್ ಸ್ಪೀಕರಿಗೆ ಹಾಕಿ ಡಯಲ್ ಮಾಡಿದೆವು. ಮೊದಲು ಭಾಷೆ ಆರಿಸಬೇಕು, ಕನ್ನಡ ಒತ್ತಿದೆವು. ಸ್ವಲ್ಪ ಹೊತ್ತಿಗೆ ಒಬ್ಬರು ಎತ್ತಿದರು. ತೊಂದರೆ ನಮಗಲ್ಲ, ಕ್ಲಾಸಿನ ಇಬ್ಬರಿಗೆ, ಅವರು ಯಾರೆಂದೇ ಗೊತ್ತಿಲ್ಲ ಅಂತ ತಡವರಿಸುತ್ತಾ ಹೇಳಿದೆವು. ಅವರು ಬೈಯಲಿಲ್ಲ. ಮೊದಲು ‘ನೀವೆಲ್ಲ ಸರಿ ಇದ್ದೀರಾ’ ಅಂತ ಕೇಳಿದರು. ಆಮೇಲೆ, ಗ್ರೂಪಿನಲ್ಲಿ ಶೀಟಿನ ವಿಷಯ ಎತ್ತಬೇಡಿ, ಎಲ್ಲರಿಗೂ ಅಂತ ಒಂದು ಮೆಸೇಜ್ ಹಾಕಿ, ಈ ನಂಬರ್ ಕೊಡಿ, ನಾಳೆ ಬೆಳಿಗ್ಗೆಯೇ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗಿ ಅಂದರು. ಅಷ್ಟೇ ಮಾಡಿದೆವು.

ಟೆಲಿ ಮಾನಸ್ ಶುರುವಾದದ್ದು 2022ರ ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನದಂದು. ಅದರ ಮೂಲ ನಮ್ಮ ಬೆಂಗಳೂರಿನಲ್ಲೇ. ಇಡೀ ದೇಶಕ್ಕೆ ಮೇಲ್ವಿಚಾರಣೆ ನಿಮ್ಹಾನ್ಸ್‌ನದ್ದು, ತಂತ್ರಜ್ಞಾನದ ಬೆಂಬಲ ಟ್ರಿಪಲ್ ಐಟಿ ಬೆಂಗಳೂರಿನದ್ದು. 24 ಗಂಟೆ, ಉಚಿತ, 20 ಭಾಷೆ. ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಕಾಲ್ ಮೊದಲು ರಾಜ್ಯದ ಕೇಂದ್ರದಲ್ಲಿರುವ ತರಬೇತಿ ಪಡೆದ ಕೌನ್ಸೆಲರ್‌ಗಳಿಗೆ ಹೋಗುತ್ತದೆ. ಹೆಚ್ಚಿನ ನೆರವು ಬೇಕಿದ್ದರೆ ತಜ್ಞರಿಗೆ, ಅಥವಾ ಹತ್ತಿರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೆ, ಮೆಡಿಕಲ್ ಕಾಲೇಜಿಗೆ ಜೋಡಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಆ್ಯಪ್ ಕೂಡ ಬಂತು. ಮಂಗಳೂರಿನವರಿಗೆ ಮುಖ ನೋಡಿ ಮಾತಾಡಬೇಕಿದ್ದರೆ ಹಂಪನಕಟ್ಟೆಯ ವೆನ್‌ಲಾಕ್ ಜಿಲ್ಲಾಸ್ಪತ್ರೆ ಉಂಟು, ದೇರಳಕಟ್ಟೆ ಕಡೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಉಂಟು.

ಹಾಸ್ಟೆಲ್‌ನಲ್ಲಿ ಒಂದು ತಪ್ಪು ತಿಳುವಳಿಕೆ ಓಡಾಡುತ್ತದೆ. ಹೀಗೆಲ್ಲ ಹೇಳಿಕೊಂಡರೆ ಪೊಲೀಸ್ ಕೇಸ್ ಆಗುತ್ತದೆ ಅಂತ. ಬದುಕು ಬೇಡ ಅನ್ನಿಸುವುದನ್ನು ಹೇಳಿಕೊಳ್ಳುವುದು ಯಾವತ್ತೂ ಅಪರಾಧ ಆಗಿರಲಿಲ್ಲ. ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ಪರಿಗಣಿಸಬೇಕು, ಶಿಕ್ಷಿಸಬಾರದು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ನೆರವು ಕೊಡುವುದು ಸರಕಾರದ ಕರ್ತವ್ಯ ಅಂತಲೂ ಅದರಲ್ಲೇ ಉಂಟು.

ಮರುದಿನ ಕೌನ್ಸೆಲರ್ ಮೇಡಂ ಶೀಟ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಉತ್ತರ ಬಂದರೆ ಎತ್ತಿಕೊಳ್ಳುವವರು ಯಾರು ಅಂತ ಮೊದಲು ನೋಡಬೇಕಿತ್ತು, ಪ್ರಶ್ನೆ ಆಮೇಲೆ ಮಕ್ಕಳೇ’ ಅಂದರು. ಅಂದಹಾಗೆ ನಮಗೊಬ್ಬರು ಕೌನ್ಸೆಲರ್ ಇರುವುದೇ ನಮ್ಮಲ್ಲಿ ಇಬ್ಬರಿಗೆ ಗೊತ್ತಿರಲಿಲ್ಲ. 2025ರ ಜುಲೈ 25ಕ್ಕೆ ಸುಪ್ರೀಂ ಕೋರ್ಟ್ ಸುಕ್‌ದೇಬ್ ಸಾಹಾ ಪ್ರಕರಣದಲ್ಲಿ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಒಬ್ಬರಾದರೂ ಅರ್ಹ ಕೌನ್ಸೆಲರ್ ಇರಬೇಕು, ಟೆಲಿ ಮಾನಸ್‌ನಂಥ ಸಹಾಯವಾಣಿಗಳ ನಂಬರ್ ಹಾಸ್ಟೆಲ್, ಕ್ಲಾಸ್‌ರೂಂ, ವೆಬ್‌ಸೈಟ್‌ನಲ್ಲಿ ದೊಡ್ಡದಾಗಿ ಕಾಣಬೇಕು ಅಂತ. ನಿಮ್ಮ ಕ್ಲಾಸ್‌ರೂಮಿನಲ್ಲಿ ಉಂಟಾ, ಒಮ್ಮೆ ತಲೆಯೆತ್ತಿ ನೋಡಿ.

ಈಗ ಹೇಳಲು ನಾಚಿಕೆಯಾಗುವ ಭಾಗ. ಯಾರಿಗೂ ಗೊತ್ತಾಗುವುದಿಲ್ಲ ಅಂತ ನಾವು ಬರೆದದ್ದು ಸುಳ್ಳಾಗಿತ್ತು. ಬೇಕಂತ ಹೇಳಿದ ಸುಳ್ಳಲ್ಲ, ಬುದ್ಧಿ ಓಡದ ಸುಳ್ಳು. ಈಮೇಲ್ ತೆಗೆದುಕೊಂಡಿರಲಿಲ್ಲ ನಿಜ. ಆದರೆ ಸೆಕ್ಷನ್, ಮನೆಯಿಂದ ಓಡಾಡುವುದು, ರೈಲಿನಲ್ಲಿ ಕಾಸರಗೋಡು ಕಡೆಯಿಂದ ಬರುವುದು, ಈ ಮೂರನ್ನೂ ಒಟ್ಟಿಗೆ ಹಾಕಿದರೆ ಆ ಎರಡು ಸಾಲುಗಳಲ್ಲಿ ಒಂದಕ್ಕೆ ನಮ್ಮ ಕ್ಲಾಸಿನಲ್ಲಿ ಇದ್ದದ್ದು ಒಬ್ಬರೇ. ಹೆಸರಿಲ್ಲದಿದ್ದರೆ ಗುರುತಿಲ್ಲ ಅಂತ ಅಂದುಕೊಳ್ಳುತ್ತೇವೆ. ಲಟಾನ್ಯಾ ಸ್ವೀನಿ ಎಂಬ ಕಂಪ್ಯೂಟರ್ ವಿಜ್ಞಾನಿ 2000ದಲ್ಲೇ ತೋರಿಸಿದ್ದರು, ಪಿನ್‌ಕೋಡ್, ಹುಟ್ಟಿದ ತಾರೀಕು, ಗಂಡೋ ಹೆಣ್ಣೋ ಎಂಬ ಮೂರು ವಿಷಯ ಸಿಕ್ಕರೆ ಅಮೆರಿಕದ 87 ಪರ್ಸೆಂಟ್ ಜನರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಬಹುದು ಅಂತ. ಅರುವತ್ತು ಜನರ ಕ್ಲಾಸಿಗೆ ಅಷ್ಟು ಕೂಡ ಬೇಡ.

ಗೊತ್ತಾಗಿಬಿಟ್ಟಿತು. ಈಗ ಮಾತು ಮುರಿಯುವುದಾ, ಸುಮ್ಮನಿರುವುದಾ? ನಮ್ಮೊಳಗೇ ಜಗಳವಾಯಿತು. ನಂಬಿ ಬರೆದಿದ್ದಾರೆ, ಮುಟ್ಟಬಾರದು ಅಂತ ಒಬ್ಬರು. ನಾಳೆ ಎಂತಾದರೂ ಆದರೆ ಈ ಪ್ರಾಮಾಣಿಕತೆ ಇಟ್ಟುಕೊಂಡು ಎಂತ ಮಾಡುದು ಅಂತ ಇನ್ನೊಬ್ಬರು. ಮೇಡಂ ಎರಡನೆಯವರ ಪರ. ಜೀವದ ಪ್ರಶ್ನೆ ಬಂದಾಗ ಗೌಪ್ಯತೆ ಸ್ವಲ್ಪ ಬಾಗುತ್ತದೆ, ಕೌನ್ಸೆಲರ್‌ಗಳಿಗೂ ಅದೇ ನಿಯಮ, ಆದರೆ ಅದನ್ನು ಫಾರ್ಮಿನ ಮೊದಲ ಸಾಲಲ್ಲೇ ಹೇಳಿರಬೇಕು ಅಂದರು. ಒಬ್ಬರೇ ಹೋಗಿ, ಆ ಫ್ರೆಂಡಿಗೆ ಹತ್ತಿರದವರು ಹೋಗಿ, ಸುತ್ತಿ ಬಳಸಬೇಡಿ, ನೇರವಾಗಿ ಕೇಳಿ ಅಂತಲೂ ಹೇಳಿಕೊಟ್ಟರು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ನಾವು ಹೆದರಿದ್ದೆವು. ಹಾಗಾಗುವುದಿಲ್ಲ, ಕೇಳಿದರೆ ಹೆಚ್ಚಿನವರಿಗೆ ಹಗುರವಾಗುತ್ತದೆ ಅಂದರು.

ಕ್ಯಾಂಟೀನಿನ ಹಿಂದಿನ ಮೆಟ್ಟಿಲಲ್ಲಿ ಮಾತಾಯಿತು. ಮೊದಲು ಸಿಟ್ಟು ಬಂತು, ಬರಬೇಕಾದದ್ದೇ. ‘ಗೊತ್ತಾಗುವುದಿಲ್ಲ ಅಂತ ಹೇಳಿದ್ರಲ್ಲ.’ ಕ್ಷಮೆ ಕೇಳಿದೆವು. ಆಮೇಲೆ ಒಂದು ಗಂಟೆ ಮಾತು. ಬ್ಯಾಕ್‌ಲಾಗ್, ಮನೆಯ ಸಾಲ, ನಿದ್ರೆ ಇಲ್ಲದ ರಾತ್ರಿಗಳು. ಈಗ ಮೇಡಂ ಹತ್ತಿರ ವಾರಕ್ಕೊಮ್ಮೆ, ಡಾಕ್ಟರ ಹತ್ತಿರ ತಿಂಗಳಿಗೊಮ್ಮೆ ಹೋಗುವುದು ನಡೆದಿದೆ. ಈ ಲೇಖನವನ್ನು ಮೊದಲು ಓದಿ ಒಪ್ಪಿಗೆ ಕೊಟ್ಟವರೂ ಅವರೇ. ಊರು, ಓಡಾಟ ಎಲ್ಲ ಬದಲಿಸಿದ್ದೇವೆ, ಹುಡುಕಲು ಹೋಗಬೇಡಿ.

ಆ್ಯಪ್‌ಗಳ ಬಗ್ಗೆಯೂ ಎರಡು ಮಾತು. ನಮ್ಮಲ್ಲಿ ಹಲವರು ರಾತ್ರಿ ಎರಡಕ್ಕೆ ಚಾಟ್‌ಬಾಟ್ ಜೊತೆ ಮಾತಾಡುವವರೇ. ಇದು ಹೊಸದೇನಲ್ಲ. 1966ರಲ್ಲಿ ಎಂಐಟಿಯ ಜೋಸೆಫ್ ವೈಜನ್‌ಬಾಮ್ ಎಲೈಜಾ ಎಂಬ ಪ್ರೋಗ್ರಾಂ ಪ್ರಕಟಿಸಿದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ಕೆಲಸ. ಆದರೂ ಅವರ ಸೆಕ್ರೆಟರಿ ಅದರೊಟ್ಟಿಗೆ ಟೈಪ್ ಮಾಡುತ್ತಾ, ಸ್ವಲ್ಪ ಹೊರಗೆ ಹೋಗ್ತೀರಾ ಅಂತ ಅವರನ್ನೇ ಕೇಳಿದರಂತೆ. ವೈಜನ್‌ಬಾಮ್‌ಗೆ ಅದು ಖುಷಿಯಲ್ಲ, ದಿಗಿಲು ಹುಟ್ಟಿಸಿತು. ಈಗ ಬೆಂಗಳೂರಿನಲ್ಲೇ ಹುಟ್ಟಿದ ವೈಸಾದಂಥ ಆ್ಯಪ್‌ಗಳು ಉಂಟು, ಪೆಂಗ್ವಿನ್ ಮುಖದ್ದು. ಉಸಿರಾಟದ ವ್ಯಾಯಾಮಕ್ಕೆ, ತಲೆಯೊಳಗಿನ ಗೋಜಲನ್ನು ಬರೆದು ಹೊರಹಾಕುವುದಕ್ಕೆ ಇಂಥವು ಉಪಯೋಗ ಅಂತ ನಮ್ಮ ಅಭಿಪ್ರಾಯ. ಆದರೆ ಬರೆದದ್ದು ಎಲ್ಲಿ ಹೋಗುತ್ತದೆ ಅಂತ ನೋಡಿ. ಅಮೆರಿಕದಲ್ಲಿ ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವರಿಗೆ ಕೊಟ್ಟಿತು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಹಿಡಿಯಿತು. 78 ಲಕ್ಷ ಡಾಲರ್ ಕಟ್ಟಬೇಕಾಯಿತು.

ಕ್ಲಬ್ಬಿನಿಂದ ಹೈಸ್ಕೂಲುಗಳಿಗೆ ಹೋಗುವವರು ಉತ್ಸಾಹದಲ್ಲಿ ಅಲ್ಲಿ ಈ ಫಾರ್ಮ್ ಹಂಚಬೇಡಿ. 18 ತುಂಬದವರ ಡೇಟಾ ಬಳಸಲು ಪೋಷಕರ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಶಾಲೆಗಳಿಗಾಗಿ ಕೇಂದ್ರ ಶಿಕ್ಷಣ ಇಲಾಖೆ 2020ರ ಜುಲೈನಲ್ಲಿ ತಂದ ಮನೋದರ್ಪಣ್ ಉಂಟು, ಮಕ್ಕಳ ಸಹಾಯವಾಣಿ 1098 ಉಂಟು. ಬೋರ್ಡಿನಲ್ಲಿ ಆ ನಂಬರ್ ಬರೆದು ಬಂದರೆ ಸಾಕು.

ಇನ್ನೊಂದು ವಿಷಯ, ಭಾಷೆಯದ್ದು. ನಮ್ಮ ಫಾರ್ಮ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಮಾಡೋಣ ಅಂತ ಹೊರಟಾಗ ‘ಖಿನ್ನತೆ’ ಅಂತ ಬರೆದೆವು. ನಮ್ಮಲ್ಲಿ ಒಬ್ಬರೂ ಬಾಯಿಬಿಟ್ಟು ಆ ಪದ ಹೇಳಿದವರಲ್ಲ. ಇಲ್ಲಿ ಹೇಳುವುದು ‘ಮಂಡೆಬಿಸಿ’, ತುಳುವಿನಲ್ಲಾದರೆ ‘ಮಂಡೆ ಬೆಚ್ಚ’. ಬಸ್ ತಪ್ಪಿದರೂ ಮಂಡೆಬಿಸಿ, ಎರಡು ವಾರ ನಿದ್ರೆ ಇಲ್ಲದಿದ್ದರೂ ಮಂಡೆಬಿಸಿ. ಅದರಿಂದಲೇ ಯಾರೂ ತಿರುಗಿ ನೋಡುವುದಿಲ್ಲ. ಆ ಫ್ರೆಂಡ್ ಕೂಡ ನಮ್ಮ ಹತ್ತಿರ ಎಷ್ಟೋ ಸಲ ಹೇಳಿದ್ದರು, ‘ಮಂಡೆಬಿಸಿ ಮಾರಾಯ’ ಅಂತ. ನಾವು ‘ಎಲ್ಲರಿಗೂ ಉಂಟು’ ಅಂದು ಚಹಾ ಕುಡಿಸಿ ಕಳಿಸಿದ್ದೆವು. ಈಗ ಯಾರಾದರೂ ಆ ಮಾತು ಹೇಳಿದರೆ ‘ಎಷ್ಟು ದಿನದಿಂದ?’ ಅಂತ ಕೇಳುತ್ತೇವೆ.

ಹಳೆಯ ಶೀಟ್ ಅಳಿಸಿದ್ದೇವೆ. ಹೊಸ ಫಾರ್ಮ್ ಮೇಡಂ ಕೈಯಲ್ಲಿದೆ, ನಾವು ಉತ್ತರ ನೋಡುವುದಿಲ್ಲ. ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಏನು ಒತ್ತಿದರೂ 14416 ಮತ್ತು ಮೇಡಂ ರೂಮಿನ ನಂಬರ್ ಇರುವ ಪುಟ ತೆರೆಯುತ್ತದೆ. ಉತ್ತರ ನೋಡಿ ಬೇರೆ ಪುಟಕ್ಕೆ ಕಳಿಸುವ ಸೌಲಭ್ಯ ಗೂಗಲ್ ಫಾರ್ಮ್‌ನಲ್ಲಿ ಮೊದಲೇ ಉಂಟು, ನಾವು ನೋಡಿರಲಿಲ್ಲ. ಬೇಕಿದ್ದವರು ಹೆಸರು ಬರೆಯಬಹುದು. ಬರೆದರೆ ಮೇಡಂ ಅದೇ ದಿನ ಕರೆಯುತ್ತಾರೆ ಅಂತ ಮೊದಲ ಸಾಲಲ್ಲೇ ಹಾಕಿದ್ದೇವೆ.

ಆ ರಾತ್ರಿಯ ಇನ್ನೊಂದು ಸಾಲು ಯಾರದ್ದು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಹಾಸ್ಟೆಲಿನಲ್ಲಿರುವವರು, ಅಷ್ಟೇ. ನೀವು ಇದನ್ನು ಓದುತ್ತಿದ್ದರೆ, ಮೇಡಂ ರೂಮ್ ಲೈಬ್ರರಿ ಮೇಲಿನ ಮಹಡಿಯಲ್ಲಿ, ಬಾಗಿಲು ಹಿಂದಿನ ಕಾರಿಡಾರಿಗೆ, ಹೋಗುವುದು ಯಾರಿಗೂ ಕಾಣುವುದಿಲ್ಲ. ಅಲ್ಲಿಯವರೆಗೆ ಒಬ್ಬರೇ ಬರಲು ಬೇಜಾರಾದರೆ ನಮ್ಮಲ್ಲಿ ಯಾರನ್ನಾದರೂ ಕರೆಯಿರಿ. ಎಂತದ್ದಕ್ಕೆ ಅಂತ ಕೇಳುವುದಿಲ್ಲ, ಹೊರಗೆ ಬೆಂಚಿನಲ್ಲಿ ಕೂತಿರುತ್ತೇವೆ.