ಬಿಳಿಗಿರಿರಂಗನ ಬೆಟ್ಟಕ್ಕೆ ಪ್ರವಾಸ: ಸಿದ್ಧತೆಯ ಕೆಲವು ವಿಚಾರಗಳು

“ದೇಶ ಸುತ್ತು, ಕೋಶ ಓದು” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಪ್ರವಾಸದ ಕಾಲ ಬಂದಾಗ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಬಸ್ಸಿನ ಬಾಡಿಗೆ, ಊಟದ ಖರ್ಚು, ತಲೆಗೆ ಬೀಳುವ ಹಣ ಇವುಗಳಲ್ಲಿಯೇ ಮುಗಿದುಹೋಗುತ್ತದೆ. ಏನೂ ತಿಳಿಯದೆ ಹೋದವನು ಕಣ್ಣಿದ್ದೂ ಕಾಣದೆ ಹಿಂದಿರುಗುತ್ತಾನೆ. ಹೋಗುವ ಸ್ಥಳ ಇನ್ನೊಬ್ಬರ ಮನೆಯಾಗಿದ್ದರಂತೂ ನಮ್ಮ ಅಜ್ಞಾನದಿಂದ ಆ ಮನೆಯವರಿಗೂ ನೋವಾಗಬಹುದು. ಬ್ಯಾಟರಾಯನಪುರದಿಂದ ಹೊರಟು ಎರಡು ದಿನಗಳಲ್ಲಿ ನೋಡಿ ಬರಬಹುದಾದ ಬಿಳಿಗಿರಿರಂಗನ ಬೆಟ್ಟವನ್ನು ಉದಾಹರಣೆಯಾಗಿಟ್ಟುಕೊಂಡು ಪ್ರವಾಸದ ಸಿದ್ಧತೆಯನ್ನು ಇಲ್ಲಿ ವಿಚಾರ ಮಾಡೋಣ.

1. ಸ್ಥಳ

ಈ ಬೆಟ್ಟಸಾಲು ಚಾಮರಾಜನಗರ ಜಿಲ್ಲೆಯಲ್ಲಿದೆ. ಪೂರ್ವಘಟ್ಟಗಳಿಗೂ ಪಶ್ಚಿಮಘಟ್ಟಗಳಿಗೂ ಇದು ಸೇತುವೆಯಂತಿದೆ. ಬಿಳಿಯ ಬಂಡೆಯ ಅಂಚಿನಲ್ಲಿ ರಂಗನಾಥನ ಗುಡಿಯಿರುವುದರಿಂದ ಬಿಳಿಗಿರಿ ಎಂದು ಹೆಸರಾಯಿತು. ಸಂಸ್ಕೃತದಲ್ಲಿ ಇದೇ ಶ್ವೇತಾದ್ರಿ. ಇಲ್ಲಿ ಎತ್ತರ ಸುಮಾರು 5,000 ಅಡಿ. ತಪ್ಪಲಿನ ಕುರುಚಲು ಕಾಡು, ನಡುವೆ ಎಲೆ ಉದುರುವ ಕಾಡು, ಮೇಲೆ ಹುಲ್ಲುಗಾವಲು ಮತ್ತು ಶೋಲಾ ಕಾಡು ಇವೆಲ್ಲವನ್ನೂ ಒಂದೇ ದಾರಿಯಲ್ಲಿ ಕಾಣಬಹುದು. ಭೂಗೋಳದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಮತ್ತೇನು ಬೇಕು?

2. ಜನ

ಈ ಕಾಡಿನ ಮೂಲನಿವಾಸಿಗಳು ಸೋಲಿಗರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಕೂಡ ಇವರ ವಿಷಯ ಬರೆದಿದ್ದಾನೆ. ಇವರ ಹಾಡಿಗೆ ‘ಪೋಡು’ ಎಂದು ಹೆಸರು. ನುಡಿ ಕನ್ನಡಕ್ಕೆ ಬಹು ಹತ್ತಿರದ್ದು. ರಂಗನಾಥನು ಸೋಲಿಗರ ಹೆಣ್ಣು ಕುಸುಮಬಾಲೆಯನ್ನು ಮದುವೆಯಾದನೆಂಬ ಕಥೆ ಇಲ್ಲಿದೆ. ಆ ನಂಟಿನಿಂದ ಅವರಿಗೆ ದೇವರು ‘ಭಾವ’. ದೇವರನ್ನೇ ನೆಂಟನನ್ನಾಗಿ ಮಾಡಿಕೊಂಡ ಜನವನ್ನು ‘ಹಿಂದುಳಿದವರು’ ಎಂಬ ಒಂದೇ ಮಾತಿನಲ್ಲಿ ಅಳೆಯುವುದು ಸರಿಯಲ್ಲ.

ಸೋಲಿಗರು ಕಾಡನ್ನು ‘ಎಲ್ಲೆ’ಗಳಾಗಿ ಗುರುತಿಸುತ್ತಾರೆ. ಒಂದೊಂದು ಎಲ್ಲೆಯೂ ಒಂದೊಂದು ಕುಲಕ್ಕೆ ಸೇರಿದ್ದು. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜಾಸ್ಥಾನಗಳಿವೆ. ನಮಗೆ ಬರಿಯ ಕಲ್ಲಾಗಿ ಕಾಣುವುದು ಅವರಿಗೆ ಗುಡಿಯಾಗಿರಬಹುದು. ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆ ಅವರು ಪೂಜಿಸುವ ಮರ. ಕಾಲಿಡುವಲ್ಲೆಲ್ಲ ಕೇಳಿ ಕಾಲಿಡಬೇಕೆಂಬುದಕ್ಕೆ ಇದೇ ಕಾರಣ.

3. ತಿಳಿದಿರಲೇಬೇಕಾದ ಇತಿಹಾಸ

1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಸೋಲಿಗರ ಸ್ಥಳ ಬದಲಿಸುವ ಬೇಸಾಯ ನಿಂತಿತು. ಕಾಡಿನೊಳಗೆ ಚದುರಿದ್ದ ಕುಟುಂಬಗಳು ಪೋಡುಗಳಲ್ಲಿ ನೆಲೆಗೊಳ್ಳಬೇಕಾಯಿತು. ಬೇಸಿಗೆಗೆ ಮೊದಲು ನೆಲದ ಒಣ ಎಲೆಗೆ ಹಾಕುತ್ತಿದ್ದ ‘ತರಗು ಬೆಂಕಿ’ಯೂ ನಿಷಿದ್ಧವಾಯಿತು. ಆ ಸಣ್ಣ ಬೆಂಕಿ ನಿಂತದ್ದರಿಂದಲೇ ಲಂಟಾನ ಪೊದೆ ಕಾಡನ್ನೆಲ್ಲ ಮುತ್ತಿತೆಂದು ಸೋಲಿಗರು ಹೇಳುತ್ತಾರೆ. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಮುಂದೆ ಜೇನು, ನೆಲ್ಲಿಕಾಯಿಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಂತು.

2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಅಂಗೀಕಾರವಾಯಿತು. 2011ರ ಜನವರಿಯಲ್ಲಿ ಇದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಇಲ್ಲಿನ 25 ಗ್ರಾಮಸಭೆಗಳಿಗೆ ಸಾಮೂಹಿಕ ಅರಣ್ಯ ಹಕ್ಕು ದೊರೆಯಿತು. ಹುಲಿಯೂ ಮನುಷ್ಯನೂ ಒಂದೇ ಕಾಡಿನಲ್ಲಿ ಬಾಳಬಹುದೆಂಬ ವಾದಕ್ಕೆ ಈ ಬೆಟ್ಟ ಒಂದು ಪರೀಕ್ಷಾಕ್ಷೇತ್ರ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಇಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ವೈದ್ಯಸೇವೆ ಹಾಗೂ ಶಾಲೆಯನ್ನು ಕುರಿತೂ ಹೊರಡುವ ಮುನ್ನ ಓದಿಕೊಳ್ಳುವುದು ಒಳ್ಳೆಯದು.

4. ದಾರಿ ಮತ್ತು ಕಾಲ

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರಿನ ಮಾರ್ಗವಾಗಿ ಬೆಟ್ಟಕ್ಕೆ ಸುಮಾರು 180 ಕಿಲೋಮೀಟರ್. ನಾವು ನಗರದ ಉತ್ತರ ಭಾಗದವರು. ಹೆಬ್ಬಾಳವನ್ನೂ ನಗರದ ನಡುಭಾಗವನ್ನೂ ಬೆಳಗಿನ ಜಾವದಲ್ಲಿಯೇ ದಾಟದಿದ್ದರೆ ಅರ್ಧ ದಿನ ರಸ್ತೆಯಲ್ಲಿಯೇ ಕಳೆದೀತು. ರಾತ್ರಿ ಕಾಡಿನ ದಾರಿಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಆದುದರಿಂದ ಹಗಲಿರುವಾಗಲೇ ಬೆಟ್ಟ ಸೇರುವಂತೆ ವೇಳೆಯನ್ನು ಗೊತ್ತುಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಜಿಗಣೆಯ ಕಾಟ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ. ನವೆಂಬರ್, ಡಿಸೆಂಬರ್ ತಿಂಗಳುಗಳೇ ಮೇಲು.

5. ಕಾಡಿನ ನಡಿಗೆ

ಇದು ಆನೆ, ಹುಲಿ, ಕಾಟಿ, ಕರಡಿಗಳಿರುವ ಕಾಡು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಹೆಜ್ಜೆಯನ್ನೂ ಒಳಗಿಡಕೂಡದು. ಕಾಲೇಜಿನ ಪತ್ರವನ್ನು ಮುಂಚಿತವಾಗಿಯೇ ಕಳುಹಿಸಿ, ಯಾವ ದಾರಿಯಲ್ಲಿ ಎಷ್ಟು ಜನ ನಡೆಯಬಹುದೆಂಬುದನ್ನು ಕೇಳಿ ತಿಳಿಯಬೇಕು. ದಾರಿ ತೋರಲು ಸೋಲಿಗರೊಬ್ಬರು ದೊರೆತರೆ ಅದು ನಮ್ಮ ಭಾಗ್ಯ. ಅಂಥವರನ್ನು ಕೂಲಿಯಾಳೆಂದು ತಿಳಿಯದೆ ಗುರುಗಳೆಂದು ತಿಳಿಯೋಣ. ಮಾತು ಕಡಿಮೆ, ಸುಗಂಧದ್ರವ್ಯ ಬೇಡ, ಬಣ್ಣದ ಉಡುಪು ಬೇಡ, ಪ್ಲಾಸ್ಟಿಕ್ ಬೇಡವೇ ಬೇಡ.

6. ಪೋಡಿನಲ್ಲಿ ನಮ್ಮ ನಡತೆ

ಬಂಗ್ಲೆ ಪೋಡಿನಂಥ ಪೋಡುಗಳು ಗುಡಿಗೆ ಸಮೀಪದಲ್ಲಿಯೇ ಇವೆ. ನಲವತ್ತು ಜನ ಒಮ್ಮೆಲೇ ನುಗ್ಗಿದರೆ ಯಾವ ಊರಿಗಾದರೂ ಕಿರಿಕಿರಿಯೇ. ಮೊದಲೇ ಒಪ್ಪಿಗೆ ಪಡೆದು, ಹತ್ತು ಜನರ ತಂಡಗಳಾಗಿ, ಅವರಿಗೆ ಬಿಡುವಿರುವ ವೇಳೆಗೆ ಹೋಗಬೇಕು. ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು. ಮಕ್ಕಳಿಗೆ ಮಿಠಾಯಿ, ನಾಣ್ಯ ಎಸೆಯಬಾರದು. ‘ಒಂದು ಕುಣಿತ ಕುಣಿದು ತೋರಿಸಿ’ ಎಂದು ಒತ್ತಾಯಿಸಬಾರದು. ನಮ್ಮ ಮನೆಯಂಗಳಕ್ಕೆ ಅಪರಿಚಿತರು ಬಂದು, ನಮ್ಮ ತಾಯಿ ಅಡಿಗೆ ಮಾಡುವುದನ್ನು ಚಿತ್ರ ತೆಗೆದು ಹೊರಟುಹೋದರೆ ನಮಗೆ ಹೇಗಾದೀತು? ಜೇನು, ಕಾಫಿಪುಡಿ ಬೇಕಿದ್ದರೆ ಅವರು ಹೇಳಿದ ಬೆಲೆಗೆ, ಚೌಕಾಶಿ ಮಾಡದೆ ಕೊಳ್ಳೋಣ.

7. ಹಿಂದಿರುಗಿದ ಮೇಲೆ

ಕೇಳಿದ ಕಥೆ, ಗಿಡಮರಗಳ ಹೆಸರು, ಹಬ್ಬದ ವಿವರಗಳನ್ನು ಹೇಳಿದವರ ಒಪ್ಪಿಗೆಯಿಂದ ಬರೆದಿಟ್ಟುಕೊಳ್ಳಬೇಕು. ಆ ಬರಹದ ಒಂದು ಪ್ರತಿ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ, ಇನ್ನೊಂದು ಪ್ರತಿ ಆ ಪೋಡಿನ ಶಾಲೆಗೆ ಸೇರಬೇಕು. ಪಡೆದುದನ್ನು ಹಿಂದಿರುಗಿಸುವುದು ವಿದ್ಯಾವಂತರ ಲಕ್ಷಣ.

ಮಿತ್ರರೇ, ಬಸ್ಸಿನ ಬಾಡಿಗೆಯ ಲೆಕ್ಕ ಒಂದು ಸಂಜೆಯ ಕೆಲಸ. ಯಾರ ಮನೆಗೆ ಹೋಗುತ್ತಿದ್ದೇವೆ, ಹೇಗೆ ಹೋಗಬೇಕು ಎಂಬುದನ್ನು ಕಲಿಯಲು ಒಂದು ತಿಂಗಳಾದರೂ ಬೇಕು. ಮುಂದಿನ ಪ್ರವಾಸಕ್ಕೆ ಆ ತಿಂಗಳನ್ನು ಈಗಲೇ ಮೀಸಲಿಡೋಣ.