ಹೊಣೆಯೇ ಗುರು

ಈಜನ್ನು ನೀರಿಗಿಳಿದೇ ಕಲಿಯಬೇಕು. ನಾಯಕತ್ವವನ್ನು ಹೊಣೆ ಹೊತ್ತೇ ಕಲಿಯಬೇಕು. ಈ ಮಾತನ್ನು ಕಾರ್ಯರೂಪಕ್ಕೆ ತಂದುದು ಸ್ಕೌಟ್ ಚಳವಳಿ.

1899ರಲ್ಲಿ, ಬೋಯರ್ ಯುದ್ಧದ ಸಮಯದಲ್ಲಿ, ದಕ್ಷಿಣ ಆಫ್ರಿಕದ ಮೆಫೆಕಿಂಗ್ ಪಟ್ಟಣ ಮುತ್ತಿಗೆಗೆ ಒಳಗಾಯಿತು. ಕಾದಲು ಸೈನಿಕರು ಸಾಲದೆ ಹೋದುದರಿಂದ ಸುದ್ದಿ ಒಯ್ಯುವ ಕಾರ್ಯವನ್ನು ಬಾಲಕರಿಗೆ ವಹಿಸಲಾಯಿತು. ಅವರ ಧೈರ್ಯ, ಕರ್ತವ್ಯನಿಷ್ಠೆಗಳು ಆಂಗ್ಲ ಸೇನಾನಿ ಬೇಡನ್ ಪೊವೆಲ್ಲರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತವು.

1907ರ ಆಗಸ್ಟ್ ತಿಂಗಳಲ್ಲಿ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಬಾಲಕರ ಶಿಬಿರವೊಂದನ್ನು ನಡೆಸಿದರು. ಅಲ್ಲಿ ಸಿರಿವಂತರ ಮಕ್ಕಳೂ ಇದ್ದರು, ದುಡಿದುಣ್ಣುವವರ ಮಕ್ಕಳೂ ಇದ್ದರು. ಅವರನ್ನು ನಾಲ್ಕು ತಂಡಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಬ್ಬ ಬಾಲಕನನ್ನೇ ನಾಯಕನನ್ನಾಗಿ ಮಾಡಲಾಯಿತು. ತಂಡದ ನಡತೆಗೆ ಅವನೇ ಹೊಣೆ. ಸರದಿಯಂತೆ ಒಂದೊಂದು ತಂಡವು ರಾತ್ರಿಯ ಕಾವಲಿಗೆ ಹೋಗಿ, ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳಬೇಕಾಗಿತ್ತು. ಬರಿಯ ಅಪ್ಪಣೆಯಿಂದ ಒಲೆ ಉರಿಯದು. ನಾಯಕನಾದವನು ತಾನೇ ಮೊದಲು ಸೌದೆಗೆ ಕೈಹಾಕಬೇಕು.

ಈ ಪದ್ಧತಿ ಬೇಗನೆ ಇತರ ದೇಶಗಳಿಗೂ ಹಬ್ಬಿತು. 1909ರಲ್ಲಿ ಬೆಂಗಳೂರಿನಲ್ಲಿ ಸ್ಕೌಟ್ ದಳವೊಂದು ಪ್ರಾರಂಭವಾಯಿತು. ಆದರೆ ಆ ದಿನಗಳಲ್ಲಿ ಭಾರತೀಯ ಬಾಲಕರಿಗೆ ಸ್ಕೌಟ್ ದಳಗಳಲ್ಲಿ ಪ್ರವೇಶವಿರಲಿಲ್ಲ. ಆಳುವವರು ಅವರನ್ನು ನಂಬಲಿಲ್ಲ. ಆಗ ಆನಿ ಬೆಸೆಂಟ್ ಮೊದಲಾದವರು ಭಾರತೀಯ ಬಾಲಕರಿಗಾಗಿಯೇ ಪ್ರತ್ಯೇಕ ಸಂಘವನ್ನು ಕಟ್ಟಿದರು. ಸ್ವಾತಂತ್ರ್ಯಾನಂತರ, 1950ರಲ್ಲಿ, ಬೇರೆ ಬೇರೆ ಸ್ಕೌಟ್ ಸಂಘಗಳು ಒಂದುಗೂಡಿ ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಸಂಸ್ಥೆ ರೂಪುಗೊಂಡಿತು.

ಹೊಣೆಯನ್ನೇ ಕೊಡದೆ, ಕಿರಿಯರು ಹೊರಲಾರರೆಂದು ದೂರುವುದು ನ್ಯಾಯವಲ್ಲ. ಹಿರಿಯರ ನಂಬಿಕೆಯೂ ಕಿರಿಯರ ದುಡಿಮೆಯೂ ಕೂಡಿದಲ್ಲಿ ನಾಯಕರು ತಾವಾಗಿಯೇ ಬೆಳೆಯುತ್ತಾರೆ.